ಪದ್ಮಾಕ್ಷಿಯ ಕಾರು ಮಿಸ್ಸಿಂಗ್

ಆ ಕಾರಿಗೆ ಈ ಲೋಕದಲ್ಲಿ ಸಿಟ್ಟಿದ್ದದ್ದು ಒಬ್ಬರ ಮೇಲೆ ಮಾತ್ರ, ಅದು ಪದ್ಮಾಕ್ಷಿಯ ಮೇಲೆ. ಹಾಗೆಂದು ಅವಳ ಗಂಡ ಜಯಪ್ರಕಾಶ ಹೇಳುತ್ತಿದ್ದ. ಹೇಳುತ್ತಿದ್ದದ್ದು ತಮಾಷೆಗೇ ಆದರೂ, ಇದ್ದರೂ ಇರಬಹುದು ಎಂಬ ಅನುಮಾನ ಅವಳಿಗೇ ಬರತೊಡಗಿತ್ತು. ತೊಂಬತ್ತೇಳನೇ ಇಸವಿಯ ಆ ಬೂದುಬಣ್ಣದ ಸಣ್ಣ ಕಾರು ಓಡುವಷ್ಟು ಹೊತ್ತು ಚೆನ್ನಾಗಿಯೇ ಓಡುತ್ತಿತ್ತು. ಆದರೆ ಒಂದು ತಿಂಗಳಿಂದ, ಎಲ್ಲಾದರೂ ನಿಲ್ಲಿಸಿದರೆ ಸಾಕು, ಚಳಿಜ್ವರ ಬಂದವರ ಹಾಗೆ ನಡುಗಲು ಶುರು. ಸ್ಟೀರಿಂಗು ನಡುಗುತ್ತಿತ್ತು, ಕನ್ನಡಿ ನಡುಗುತ್ತಿತ್ತು, ಪಕ್ಕದ ಸೀಟಿನಲ್ಲಿ ಒರಗಿದ್ದ ಜಯಪ್ರಕಾಶನ ಕೆನ್ನೆಯೂ ನಡುಗುತ್ತಿತ್ತು. ಕೊನೆಗೆ ಎರಡು ಸಲ ಕೆಮ್ಮಿ ಇಂಜಿನು ಸತ್ತೇ ಹೋಗುತ್ತಿತ್ತು. ಹಿಂದಿದ್ದ ಬಸ್ಸಿನವನು ಹಾರನ್ನಿನಿಂದ ಕೈ ತೆಗೆಯುತ್ತಿರಲಿಲ್ಲ.

ಸಂತೆಗೆ ಹೋಗುವ ಕಾರಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ಇದು ಜಯಪ್ರಕಾಶನನ್ನು ಡಯಾಲಿಸಿಸ್ಸಿಗೆ ಕರೆದೊಯ್ಯುವ ಕಾರು. ಊರವರ ತೋಟಗಳಲ್ಲಿ ರಬ್ಬರ್ ಮರ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗ್ ಮಾಡಿಕೊಂಡು, ಆ ಹಾಲಿನ ರಬ್ಬರ್ ಹಾಳೆ ಒಣಗಿಸಿಕೊಂಡು ಗಟ್ಟಿಮುಟ್ಟಾಗಿದ್ದ ಮನುಷ್ಯನಿಗೆ ಎರಡೂ ಕಿಡ್ನಿಗಳು ಕೈಕೊಟ್ಟು ಒಂದೂವರೆ ವರ್ಷವಾಗಿತ್ತು. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಅವನಿಗೆಂದು ಒಂದು ಮೆಷಿನು. ಮನೆ ಮಡಂತ್ಯಾರಿನಿಂದ ಮೂರು ಕಿಲೋಮೀಟರ್ ಒಳಗೆ, ಗುಡ್ಡದ ಮೇಲೆ. ಬಸ್ಸು ಹಿಡಿಯಬೇಕಾದರೆ ಅಷ್ಟು ದೂರ ನಡೆಯಬೇಕು, ಮೆಷಿನಿನಿಂದ ಎದ್ದು ಬಂದ ಮೇಲೆ ಅವನ ಕಾಲುಗಳು ಅಂಗಳ ದಾಟಲೂ ಒಪ್ಪುತ್ತಿರಲಿಲ್ಲ. ಅದಕ್ಕಾಗಿಯೇ ಪದ್ಮಾಕ್ಷಿ ನಲವತ್ತಾರನೇ ವಯಸ್ಸಿನಲ್ಲಿ ಬೆಳ್ತಂಗಡಿಯ ಡ್ರೈವಿಂಗ್ ಶಾಲೆಗೆ ಸೇರಿ, ಕಾಲೇಜು ಹುಡುಗಿಯರ ನಡುವೆ ಕೂತು ಕಾರು ಕಲಿತಳು. ಕಲಿಸಿದ ಮಾಸ್ಟರು ಹೇಳಿದ್ದನ್ನೆಲ್ಲ ವೇದವಾಕ್ಯವೆಂದು ಪಾಲಿಸಿದಳು. ಊರಿನಲ್ಲಿ ಅಷ್ಟು ಚೊಕ್ಕವಾಗಿ ಕಾರು ಓಡಿಸುವವರು ಬೇರೆ ಇರಲಿಲ್ಲ ಎಂದರೆ ಗಂಡಸರಿಗೆ ಬೇಸರವಾಗಬಹುದು, ಆದರೆ ನಿಜ.

ಕಳೆದ ಶುಕ್ರವಾರ ಕಾರು ದಾರಿಯಲ್ಲಿ ಏಳು ಸಲ ನಿಂತಿತ್ತು. ಆಸ್ಪತ್ರೆ ಮುಟ್ಟುವಾಗ ಹನ್ನೆರಡೂವರೆ. ನಾಲ್ಕು ಗಂಟೆಯ ಬದಲು ಎರಡೇ ಗಂಟೆ ಸಿಕ್ಕಿತು, ಯಾಕೆಂದರೆ ಆ ಮೆಷಿನಿಗೆ ಕಾಯುವ ಬೇರೆ ಜೀವಗಳೂ ಇದ್ದವು. ಭಾನುವಾರದ ಹೊತ್ತಿಗೆ ಜಯಪ್ರಕಾಶನ ಪಾದ, ಮುಖ ಊದಿಕೊಂಡು ಉಸಿರಾಟ ಕಷ್ಟವಾಯಿತು. "ಇನ್ನೊಂದು ಸಲ ಹೀಗೆ ಮಾಡ್ಬೇಡಿ ಅಕ್ಕ, ಮಂಗಳವಾರ ಪೂರ್ತಿ ನಾಲ್ಕು ಗಂಟೆ ಆಗ್ಲೇಬೇಕು," ಎಂದು ಫೋನಿನಲ್ಲಿ ನರ್ಸು ಹೇಳಿದಾಗ ಪದ್ಮಾಕ್ಷಿಗೆ ಬೈಸಿಕೊಂಡ ಹಾಗಾಯಿತು.

ರಿಪೇರಿ ಮಾಡಿಸಲಿಲ್ಲ ಎಂದಲ್ಲ. ಮಡಂತ್ಯಾರಿನ ಅಶೋಕನ ಗ್ಯಾರೇಜಿಗೆ ನಾಲ್ಕು ಸಲ ಹೋಗಿದ್ದಳು. ಅಶೋಕ ಒಳ್ಳೆಯವನೇ. ಆದರೆ ಕಾರು ಬಂದ ಕೂಡಲೇ ಅವನ ಮೊದಲ ಮಾತು, "ನೀವು ಇಳೀರಿ ಅಕ್ಕ, ನಾನು ನೋಡ್ತೇನೆ." ಅವಳು ಇಳಿದು ನೆರಳಿಗೆ ಹೋಗಿ ನಿಲ್ಲುತ್ತಿದ್ದಳು. ಅವನು ಹ್ಯಾಂಡ್‌ಬ್ರೇಕು ಎಳೆದು, ಬಾನೆಟ್ ಎತ್ತಿ, ಇಂಜಿನಿಗೆ ಕಿವಿ ಕೊಡುತ್ತಿದ್ದ. ಹಾಳು ಕಾರು ಅವನೆದುರು ಹಾಲು ಕುಡಿದ ಮಗುವಿನಂತೆ ಇರುತ್ತಿತ್ತು. ಆದರೂ ಅವನು ಪ್ಲಗ್ಗು ಬದಲಿಸಿದ, ಕಾರ್ಬೊರೇಟರ್ ಬಿಚ್ಚಿ ತೊಳೆದ, ಪ್ಲಗ್ಗಿನ ವೈರುಗಳನ್ನೂ ಹೊಸದು ಹಾಕಿದ. ಒಂದು ಸುತ್ತು ಓಡಿಸಿಯೂ ನೋಡಿದ. ಆದರೆ ಮೆಕ್ಯಾನಿಕ್ಕುಗಳ ಕಾಲು ಆಕ್ಸಿಲರೇಟರನ್ನು ಬಿಟ್ಟಿರಲು ಒಪ್ಪುವುದಿಲ್ಲ, ನಿಂತಲ್ಲೂ ಬ್ರೂಂ ಬ್ರೂಂ ಎನ್ನಿಸುತ್ತಲೇ ಇರಬೇಕು. ಕಾರು ನಡುಗಲಿಲ್ಲ. "ಮಿಸ್ಸಿಂಗ್ ಇದ್ದದ್ದು ಹೌದು, ಈಗ ಹೋಗಿದೆ," ಎಂದ. ಅವಳು ಕೂತು ಓಡಿಸಿದರೆ ಅರ್ಧ ಕಿಲೋಮೀಟರಿನಲ್ಲಿ ಮತ್ತೆ ಅದೇ ಕತೆ. ನಾಲ್ಕನೇ ಸಲ ಅವನು ಬೇರೆ ಕಡೆ ನೋಡುತ್ತ ಹೇಳಿದ, "ಬೇಜಾರು ಮಾಡ್ಬೇಡಿ ಅಕ್ಕ, ನೀವು ಕ್ಲಚ್ ಬಿಡುದು ಸರಿ ಇಲ್ಲ ಕಾಣ್ತದೆ."

ಬೇಜಾರಾಗದೆ ಇರುತ್ತದೆಯೇ? ಮೂರು ರಾತ್ರಿ ಅವಳು ಹಾಸಿಗೆಯಲ್ಲೇ ಕ್ಲಚ್ ಬಿಡುವುದನ್ನು ಅಭ್ಯಾಸ ಮಾಡಿದಳು. ಅಶೋಕನಿಂದ ಅವಳಿಗೆ ದಕ್ಕಿದ್ದು ಒಂದು ಶಬ್ದ ಮಾತ್ರ. ನಾಲ್ಕು ಸಿಲಿಂಡರುಗಳಲ್ಲಿ ಒಂದು ಸರಿಯಾಗಿ ಉರಿಯದೆ ಇಂಜಿನು ತಾಳ ತಪ್ಪಿದರೆ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಅದಕ್ಕೆ 'ಮಿಸ್ಸಿಂಗ್' ಎನ್ನುತ್ತಾರೆ. ಕಲಿತ ಶಬ್ದವನ್ನು ಬಳಸುವುದರಲ್ಲಿ ಪದ್ಮಾಕ್ಷಿ ಎಂದೂ ಜುಗ್ಗತನ ಮಾಡಿದವಳಲ್ಲ.

ಮಂಗಳವಾರ ಬೆಳಿಗ್ಗೆ ಎಂಟಕ್ಕೇ ಹೊರಟರು. ಗೇಟು ಹಾಕಲು ಇಳಿದಾಗ ಅವಳಿಗೆ ಸಂಘದ ನೆನಪಾಯಿತು. ಆ ದಿನ ಸಂಜೆ ಮಹಿಳಾ ಸಂಘದ ಮೀಟಿಂಗು, ಅವಳು ಹೋಗುವ ಹಾಗಿರಲಿಲ್ಲ. ಮೂಡುಬಿದಿರೆಯಲ್ಲಾದರೂ ಒಬ್ಬ ಒಳ್ಳೆಯ ಮೆಕ್ಯಾನಿಕ್ ಸಿಗುತ್ತಾನೋ ನೋಡಬೇಕೆಂದು ಅವಳ ಮನಸ್ಸಿನಲ್ಲಿತ್ತು. ಮನಸ್ಸಿನಲ್ಲಿದ್ದದ್ದರ ಅರ್ಧವನ್ನು ಗಡಿಬಿಡಿಯಲ್ಲಿ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದಳು. "ಕಾರ್ ಮಿಸ್ಸಿಂಗ್. ಮೂಡಬಿದ್ರೆಯಲ್ಲಿ ಸಿಗ್ತದಾ ನೋಡ್ಬೇಕು. ಇವತ್ತು ಮೀಟಿಂಗಿಗೆ ನಾನಿಲ್ಲ." ಫೋನನ್ನು ಚೀಲಕ್ಕೆ ಹಾಕಿದಳು. ಕಾರು ಓಡಿಸುವಾಗ ಫೋನು ಮುಟ್ಟಬಾರದು ಎಂದು ಮಾಸ್ಟರು ಹೇಳಿದ್ದರು. ಜಯಪ್ರಕಾಶನ ಫೋನು ಮನೆಯಲ್ಲೇ ಚಾರ್ಜಿಗಿತ್ತು.

ಸಂಘದ ಕಾರ್ಯದರ್ಶಿ ಕಾವೇರಮ್ಮ ಆ ಸಾಲುಗಳನ್ನು ಓದಿ ಎದೆ ಬಡಿದುಕೊಂಡರು. ಕಾಯಿಲೆಯ ಗಂಡನಿರುವ ಹೆಣ್ಣಿನ ಕಾರು ಕದ್ದ ಪಾಪಿ ಯಾರು? ಅವರು ಪದ್ಮಾಕ್ಷಿಗೆ ಆರು ಸಲ ಫೋನು ಮಾಡಿದರು, ಎತ್ತಲಿಲ್ಲ. ಅಳುತ್ತಿರಬೇಕು ಪಾಪ ಎಂದುಕೊಂಡರು. ಸಂಘದವರೆಲ್ಲ ಧರ್ಮಸ್ಥಳಕ್ಕೆ ಹೋಗಿದ್ದಾಗ ಆ ಕಾರಿನ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಅವರ ಬಳಿ ಇತ್ತು, ನಂಬರು ಸ್ಪಷ್ಟವಾಗಿ ಕಾಣುವಂಥದ್ದು. ಅದರ ಕೆಳಗೆ, "ಕಾರು ಕಳವಾಗಿದೆ, ಮೂಡುಬಿದಿರೆ ಕಡೆ ಹೋಗಿರುವ ಸಂಶಯ, ಕಂಡವರು ತಡೆದು ನಿಲ್ಲಿಸಿ" ಎಂದು ಬರೆದು ತಮ್ಮ ನಂಬರನ್ನೂ ಕೊಟ್ಟು, ತಮಗೆ ಗೊತ್ತಿದ್ದ ಎಲ್ಲ ಗುಂಪುಗಳಿಗೂ ಕಳಿಸಿದರು. ಕಾವೇರಮ್ಮನಿಗೆ ಗೊತ್ತಿಲ್ಲದ ಗುಂಪು ನಮ್ಮ ತಾಲೂಕಿನಲ್ಲಿ ಇರಲಿಲ್ಲ.

ಇದೊಂದೂ ತಿಳಿಯದ ಪದ್ಮಾಕ್ಷಿ ಗುರುವಾಯನಕೆರೆಯಲ್ಲಿ ಒಂದು ಸಲ, ವೇಣೂರಿನಲ್ಲಿ ಮೂರು ಸಲ ನಿಂತುಹೋದ ಇಂಜಿನನ್ನು ಎಬ್ಬಿಸಿಕೊಂಡು, ಹತ್ತು ಗಂಟೆ ದಾಟುವಾಗ ಮೂಡುಬಿದಿರೆ ತಲುಪಿದಳು. ಬಸ್‌ಸ್ಟ್ಯಾಂಡಿನ ಹತ್ತಿರ ಕಾಲೇಜಿನ ಮಕ್ಕಳ ದಂಡು ರಸ್ತೆ ದಾಟುತ್ತಿತ್ತು. ನಿಲ್ಲಿಸಿದಳು. ಕಾರು ನಡುಗಿತು, ಕೆಮ್ಮಿತು, ಸತ್ತಿತು. ಅವಳು ಮತ್ತೆ ಕೀ ತಿರುಗಿಸುವಷ್ಟರಲ್ಲಿ ಒಂದು ಆಟೋ ಬಂದು ಕಾರಿನ ಮೂತಿಗೆ ಅಡ್ಡ ನಿಂತಿತು. ಇಳಿದ ಚಾಲಕ ರಮೀಝ್, ಮೂವತ್ತರ ಆಸುಪಾಸಿನವ, ಒಮ್ಮೆ ತನ್ನ ಫೋನು ನೋಡಿದ, ಒಮ್ಮೆ ಕಾರಿನ ನಂಬರು ನೋಡಿದ.

"ಈ ಕಾರು ಎಲ್ಲಿಂದ ತಂದದ್ದು?"

"ಮನೆಯಿಂದ," ಎಂದಳು ಪದ್ಮಾಕ್ಷಿ.

"ಯಾರ ಮನೆಯಿಂದ?"

ಅಷ್ಟರಲ್ಲಿ ಇನ್ನೂ ಹತ್ತು ಹದಿನೈದು ಜನ ಸೇರಿದರು. ಯಾರೋ "ಕದ್ದ ಕಾರು ಇದೇ" ಎಂದು ಕೂಗಿ ಹಿಂದಿನ ಚಕ್ರಕ್ಕೆ ಕಲ್ಲನ್ನೂ ಇಟ್ಟರು. ತೂಕಡಿಸುತ್ತಿದ್ದ ಜಯಪ್ರಕಾಶ ಕಣ್ಣು ಬಿಟ್ಟ.

"ಎಂಥದಂತೆ?"

"ಕಾರು ಕಳ್ಳತನ ಆಗಿದೆಯಂತೆ."

"ಯಾರ್ದು?"

"ನಮ್ದೇ."

ರಮೀಝ್ ಮೆಸೇಜಿನಲ್ಲಿದ್ದ ನಂಬರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದ. "ಕಳ್ಳಿ ಸಿಕ್ಕಿದ್ದಾಳೆ, ಪಕ್ಕದಲ್ಲಿ ಒಬ್ಬ ಗಂಡಸೂ ಉಂಟು," ಎಂದ. ಆ ಕಡೆಯಿಂದ ಕಾವೇರಮ್ಮ ಬಯ್ಯಲು ಶುರು ಮಾಡಿದರು. ಬೈಗುಳ ಮುಗಿಯುವವರೆಗೆ ಕಾಯಬೇಕಾಯಿತು. ಆಮೇಲೆ ಪದ್ಮಾಕ್ಷಿ ಕಿಟಕಿಯಿಂದ ಫೋನಿನತ್ತ ಬಗ್ಗಿ, "ಕಾವೇರಮ್ಮ, ನಾನು ಪದ್ಮಾಕ್ಷಿ," ಎಂದಳು.

"ನೀನಾ? ಕಾರು ಮಿಸ್ಸಿಂಗ್ ಅಂತ ನೀನೇ ಬರ್ದದ್ದಲ್ವಾ ಮಾರಾಯ್ತಿ!"

"ಮಿಸ್ಸಿಂಗ್ ಹೌದು. ಆದ್ರೆ ಕಾರು ಇಲ್ಲೇ ಉಂಟು. ಇಂಜಿನು ಮಿಸ್ಸಿಂಗ್."

ಬಸ್‌ಸ್ಟ್ಯಾಂಡಿನ ಆ ಮೂಲೆ ಬಿದ್ದು ಬಿದ್ದು ನಕ್ಕಿತು. ಜಯಪ್ರಕಾಶನೂ ಉಸಿರು ಸಾಲದೆ ನಕ್ಕ. ಪದ್ಮಾಕ್ಷಿಗೆ ಮಾತ್ರ ನಗು ಬರಲಿಲ್ಲ, ಅವಳ ಕಣ್ಣು ಗಡಿಯಾರದ ಮೇಲಿತ್ತು. ಹತ್ತು ಹದಿನಾರು. ಕೀ ತಿರುಗಿಸಿದಳು. ಇಂಜಿನು ಎದ್ದಿತು, ನಡುಗಿತು, ಮತ್ತೆ ಸತ್ತಿತು.

"ಹತ್ತೂವರೆಗೆ ಇವರನ್ನು ಡಯಾಲಿಸಿಸ್ಸಿಗೆ ಮುಟ್ಟಿಸ್ಬೇಕು," ಎಂದಳು. ಯಾರಿಗೆ ಹೇಳಿದಳೋ ಅವಳಿಗೇ ಗೊತ್ತಿಲ್ಲ. "ಶುಕ್ರವಾರವೂ ಅರ್ಧ ಆದದ್ದು. ಇವತ್ತು ತಪ್ಪಿದ್ರೆ..." ಎನ್ನುತ್ತ ಇನ್ನೊಮ್ಮೆ ಕೀ ತಿರುಗಿಸಿದಳು.

ನಗು ನಿಂತಿತು. ರಮೀಝ್ ಫೋನನ್ನು ಜೇಬಿಗೆ ತುರುಕಿ ಕಾರಿನ ಬಾಗಿಲು ತೆರೆದ. "ಬನ್ನಿ ಅಣ್ಣ, ನನ್ನ ಕೊರಳು ಹಿಡ್ಕೊಳ್ಳಿ," ಎಂದು ಜಯಪ್ರಕಾಶನನ್ನು ಎತ್ತಿಕೊಂಡೇ ಆಟೋಗೆ ಕೂರಿಸಿದ. ಕಳ್ಳರನ್ನು ಹಿಡಿಯಲು ಬಂದವರಲ್ಲಿ ಒಬ್ಬರು ಆಸ್ಪತ್ರೆಯ ಫೈಲಿನ ಚೀಲ ಹಿಡಿದು ಪಕ್ಕಕ್ಕೆ ಹತ್ತಿದರು, ಇನ್ನಿಬ್ಬರು ಮುಂದೆ ಓಡಿ ದಾರಿ ಬಿಡಿಸಿದರು. ಆಟೋ ಕಣ್ಮರೆಯಾಯಿತು. ಪದ್ಮಾಕ್ಷಿ ಸ್ಟೀರಿಂಗು ಹಿಡಿದುಕೊಂಡು ಹಾಗೇ ಕೂತಿದ್ದಳು.

ಆಗ ಕಿಟಕಿಯ ಹತ್ತಿರ ಬಿಳಿ ಗಡ್ಡದ ಒಬ್ಬರು ಬಗ್ಗಿದರು. ಬಸ್‌ಸ್ಟ್ಯಾಂಡಿನ ಹಿಂದೆ ಗ್ಯಾರೇಜು ಇಟ್ಟುಕೊಂಡಿದ್ದ ಅಬ್ದುಲ್ ರಹಿಮಾನ್. ಅವರಿಗೂ ಮೆಸೇಜು ಬಂದಿತ್ತು, ಕೈಯಲ್ಲಿದ್ದ ಸ್ಪಾನರ್ ಸಮೇತ ಬಂದಿದ್ದರು.

"ಮಿಸ್ಸಿಂಗ್ ಸಿಕ್ತದಾ ನೋಡುವ ಅಕ್ಕ," ಎಂದರು. "ನೀವು ನ್ಯೂಟ್ರಲ್ ಮಾಡಿ, ನಾವು ದೂಡ್ತೇವೆ."

ಗ್ಯಾರೇಜು ಮುಟ್ಟಿದ ಕೂಡಲೇ ಪದ್ಮಾಕ್ಷಿ ಅಭ್ಯಾಸಬಲದಿಂದ ಇಳಿದು ನೆರಳಿಗೆ ಹೋಗಿ ನಿಂತಳು. ರಹಿಮಾನ್ ಬಾನೆಟ್ ಎತ್ತಿ ಇಂಜಿನು ಚಾಲೂ ಮಾಡಿದರು. ಕಾರು ಸದ್ದಿಲ್ಲದೆ, ಮಾನವಂತರ ಮನೆಯ ಕಾರಿನ ಹಾಗೆ ನಿಂತಿತು. ಅವರು ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಎಳೆದು ನೋಡಿದರು. ಒಂದು ವೈರು ಎಳೆದಾಗ ಇಂಜಿನಿನ ಸದ್ದು ಕುಗ್ಗಬೇಕು. ಕುಗ್ಗದಿದ್ದರೆ ಆ ಸಿಲಿಂಡರು ಮೊದಲೇ ಸತ್ತಿದೆ ಎಂದರ್ಥ. ನಾಲ್ಕೂ ವೈರಿಗೆ ಸದ್ದು ಸಮನಾಗಿ ಕುಗ್ಗಿತು. ನಾಲ್ಕೂ ಸರಿಯಿದ್ದವು.

ಪದ್ಮಾಕ್ಷಿಗೆ ಅಳು ಒತ್ತರಿಸಿ ಬಂತು. "ಇದು ಹೀಗೇ ಕಾಕ. ಯಾರು ನೋಡಿದ್ರೂ ಸರಿ ಇರ್ತದೆ. ನಾನು ಕೂತ್ರೆ ಮಾತ್ರ ಹಾಳು. ನಾನು ಕ್ಲಚ್ ಬಿಡುದು ಸರಿ ಇಲ್ಲವಂತೆ."

ರಹಿಮಾನ್ ಕೈ ಒರೆಸಿಕೊಂಡು ಅವಳನ್ನೇ ನೋಡಿದರು. "ನೀವು ಕೂತ್ರೆ ಮಾತ್ರವಾ?"

"ಹೌದು."

"ಮತ್ತೆ ಅಲ್ಲಿ ಯಾಕೆ ನಿಂತಿದ್ದೀರಿ? ಬಂದು ಕೂತ್ಕೊಳ್ಳಿ."

ಇಷ್ಟು ಸಣ್ಣ ಮಾತನ್ನು ಒಂದು ತಿಂಗಳಲ್ಲಿ ಯಾರೂ ಹೇಳಿರಲಿಲ್ಲ. ಅವಳು ಬಂದು ಕೂತಳು.

"ಬಸ್‌ಸ್ಟ್ಯಾಂಡಿನಲ್ಲಿ ಮಕ್ಕಳು ದಾಟುವಾಗ ಎಂಥ ಮಾಡಿದ್ರಿ, ಅದನ್ನೇ ಮಾಡಿ. ಒಂದೂ ಬಿಡ್ಬೇಡಿ."

ಅವಳು ಪರೀಕ್ಷೆಗೆ ಕೂತವಳಂತೆ ಎಲ್ಲವನ್ನೂ ಮಾಡಿದಳು. ಎಡಗಾಲಿನಲ್ಲಿ ಕ್ಲಚ್ ಒತ್ತಿದಳು, ನ್ಯೂಟ್ರಲ್ ಮಾಡಿದಳು, ಬಲಗಾಲಿನಲ್ಲಿ ಬ್ರೇಕು ಒತ್ತಿ ಹಿಡಿದಳು. ಇಂಜಿನು ನಡುಗಿತು. ರಹಿಮಾನ್ ಓಡಿಹೋಗಿ ವೈರು ಎಳೆದರು. ಮೂರಕ್ಕೆ ಸದ್ದು ಕುಗ್ಗಿತು, ಕೊನೆಯದನ್ನು ಎಳೆದರೆ ಏನೂ ಆಗಲಿಲ್ಲ.

"ಸಿಕ್ಕಿತು! ಈಗ ಕ್ಲಚ್ಚಿನಿಂದ ಕಾಲು ತೆಗೀರಿ."

ತೆಗೆದಳು. ನಡುಕ ನಿಲ್ಲಲಿಲ್ಲ.

"ಬ್ರೇಕಿನಿಂದ?"

ತೆಗೆದಳು. ನಡುಕ ನಿಂತಿತು.

"ಪುನಃ ಇಡಿ."

ಇಟ್ಟಳು. ಕಾರಿಗೆ ಪುನಃ ಚಳಿಜ್ವರ ಬಂತು.

ರಹಿಮಾನ್ ಎಳೆಯ ಹುಡುಗನಂತೆ ನಕ್ಕರು. "ನಿಲ್ಲಿಸಿದ ಮೇಲೂ ಬ್ರೇಕು ಒತ್ತಿಯೇ ಇರ್ತೀರಾ ನೀವು?"

"ಕಾರು ಹೊರಡುವವರೆಗೆ ಬ್ರೇಕಿನಿಂದ ಕಾಲು ತೆಗೀಬಾರ್ದು ಅಂತ ಮಾಸ್ಟರು ಹೇಳಿದ್ದಾರೆ."

"ಸರಿಯಾಗಿಯೇ ಹೇಳಿದ್ದಾರೆ. ನಮ್ಮಲ್ಲಿ ಯಾರು ಹಾಗೆ ಮಾಡ್ತಾರೆ? ಅದಕ್ಕೇ ಇದು ಯಾರಿಗೂ ಸಿಗ್ಲಿಲ್ಲ. ಈಗ ಹೇಳಿ, ಬ್ರೇಕು ಒತ್ತಲಿಕ್ಕೆ ಗಟ್ಟಿ ಆಗಿದೆಯಾ?"

"ಒಂದು ತಿಂಗಳಿಂದ. ನನ್ನ ಕಾಲಿಗೆ ಶಕ್ತಿ ಸಾಲುದಿಲ್ಲ ಅಂದ್ಕೊಂಡೆ."

"ಕಾಲಿನ ಹತ್ರ ಸುಯ್ ಅಂತ ಶಬ್ದ ಉಂಟಾ?"

ಉಂಟು ಎಂದಳು. ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಬಾನೆಟ್ಟಿನೊಳಗೆ, ಬ್ರೇಕಿನ ಪೆಡಲ್ಲಿಗೆ ಎದುರಾಗಿ, ರೊಟ್ಟಿ ಕಾವಲಿಯಷ್ಟು ಅಗಲದ ಒಂದು ಕಪ್ಪು ಡಬ್ಬಿಯನ್ನು ರಹಿಮಾನ್ ತೋರಿಸಿದರು. ಅದರ ಹೆಸರು ಬೂಸ್ಟರ್. ಒಳಗೆ ಒಂದು ರಬ್ಬರ್ ಹಾಳೆ ಇರುತ್ತದೆ, ಇಂಜಿನು ಒಂದು ಪೈಪಿನ ಮೂಲಕ ಅಲ್ಲಿಂದ ಗಾಳಿ ಹೀರುತ್ತದೆ, ಆ ಬಲದಿಂದಲೇ ನಾವು ಮೆಲ್ಲಗೆ ಒತ್ತಿದರೂ ಬ್ರೇಕು ಗಟ್ಟಿಯಾಗಿ ಹಿಡಿಯುತ್ತದೆ. ಹಾಳೆ ಹರಿದಿದ್ದರೆ ಬ್ರೇಕು ಒತ್ತಿದಾಗಲೆಲ್ಲ ಹೊರಗಿನ ಗಾಳಿ ನೇರ ಇಂಜಿನಿಗೆ ನುಗ್ಗುತ್ತದೆ. ಪೈಪಿನ ಹತ್ತಿರ ಇರುವ ಸಿಲಿಂಡರಿಗೆ ಪೆಟ್ರೋಲಿಗಿಂತ ಗಾಳಿಯೇ ಹೆಚ್ಚಾಗಿ ಅದು ಉರಿಯುವುದಿಲ್ಲ. ಹೀಗೆಂದು ವಿವರಿಸಿ, ಅವಳು ಬ್ರೇಕು ಒತ್ತಿ ಹಿಡಿದಿರುವಾಗಲೇ ಅವರು ಇಕ್ಕುಳದಿಂದ ಆ ಪೈಪನ್ನು ಹಿಸುಕಿ ಹಿಡಿದರು. ನಡುಕ ಪಕ್ಕನೆ ನಿಂತಿತು. ಬಿಟ್ಟರು, ಶುರುವಾಯಿತು. ಹಿಸುಕಿದರು, ನಿಂತಿತು.

"ನಿಮ್ಮ ಕ್ಲಚ್ಚಿಗೂ ಇದಕ್ಕೂ ಸಂಬಂಧ ಇಲ್ಲ. ಇನ್ನೊಂದು ಮಾತು," ಎಂದು ರಹಿಮಾನ್ ದನಿ ತಗ್ಗಿಸಿದರು. "ಹರಿದದ್ದು ದಿನಾ ದೊಡ್ಡ ಆಗ್ತಾ ಇತ್ತು. ಪೂರ್ತಿ ಹೋಗಿದ್ರೆ ವೇಣೂರಿನ ಇಳಿಜಾರಿನಲ್ಲಿ ನೀವು ಎರಡು ಕಾಲಲ್ಲಿ ನಿಂತ್ರೂ ಬ್ರೇಕು ಬೇಕಾದಷ್ಟು ಹಿಡೀತಿರ್ಲಿಲ್ಲ. ಇಂಜಿನು ನಡುಗಿದ್ದು ಒಳ್ಳೇದೇ ಆಯ್ತು. ಅದು ನಿಮಗೆ ಹೇಳ್ತಾ ಇತ್ತು."

ಒಂದು ತಿಂಗಳಿಂದ ವಾರಕ್ಕೆರಡು ಸಲ ಶಾಪ ಹಾಕಿದ್ದ ಕಾರಿನ ಸ್ಟೀರಿಂಗನ್ನು ಅವಳು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಯಾರು ನೋಡಿದರೂ ನಾಚಿಕೆಯೆನಿಸಲಿಲ್ಲ.

ಅದೇ ಜಾತಿಯ ಒಂದು ಹಳೆಯ ಕಾರು ಗ್ಯಾರೇಜಿನ ಹಿಂದೆ ಬಿದ್ದಿತ್ತು. ಅದರ ಬೂಸ್ಟರ್ ಬಿಚ್ಚಿ, ಪರೀಕ್ಷಿಸಿ, ಇದಕ್ಕೆ ಕೂರಿಸಲು ಎರಡೂವರೆ ಗಂಟೆ ಹಿಡಿಯಿತು. ನಡುವೆ ರಮೀಝ್ ಬಂದು, "ಹತ್ತು ಇಪ್ಪತ್ತೆಂಟಕ್ಕೆ ಮೆಷಿನಿಗೆ ಹಾಕಿದ್ರು ಅಕ್ಕ," ಎಂದು ಹೇಳಿ, ಒಂದು ಪೊಟ್ಟಣ ಬನ್ಸ್ ಇಟ್ಟು ಹೋದ. ತಾನು ಕಳ್ಳಿಯೆಂದು ಕರೆದವಳ ಮುಖ ನೋಡಲು ಅವನಿಗೆ ಸಂಕೋಚವಾಗಿತ್ತು. ಅವಳಿಗಾದರೋ ಅವನನ್ನು ಕೂರಿಸಿ ಉಣಬಡಿಸಬೇಕು ಎನ್ನುವಷ್ಟು ಪ್ರೀತಿ ಉಕ್ಕಿತ್ತು.

ಕೆಲಸ ಮುಗಿದ ಮೇಲೆ ರಹಿಮಾನ್ ಅವಳನ್ನೇ ಕೂರಿಸಿ ಊರು ಒಂದು ಸುತ್ತು ಹೊಡೆಸಿದರು. ಸಿಕ್ಕಿದಲ್ಲೆಲ್ಲ ನಿಲ್ಲಿಸಲು ಹೇಳಿದರು. ಹದಿನಾಲ್ಕು ಸಲ ನಿಲ್ಲಿಸಿದಳು, ಒಂದು ಸಲವೂ ಇಂಜಿನು ತಾಳ ತಪ್ಪಲಿಲ್ಲ.

"ನಿಮ್ಮ ಉಪಕಾರ ಹೇಗೆ ತೀರಿಸುದು ಕಾಕ," ಎಂದಳು.

"ನಂದೆಂಥ ಉಂಟು? ರೋಗ ಹೇಳಿದ್ದು ನಿಮ್ಮ ಕಾಲು," ಎಂದರು ಅವರು. "ನಲವತ್ತು ವರ್ಷದಿಂದ ನಾನೂ ಡ್ರೈವರನ್ನು ಇಳಿಸಿಯೇ ಕೆಲಸ ಮಾಡಿದವ. ಇವತ್ತು ನೀವು 'ನಾನು ಕೂತ್ರೆ ಮಾತ್ರ' ಅಂತ ಹೇಳದಿದ್ರೆ ನನಗೂ ಸಿಕ್ತಿರ್ಲಿಲ್ಲ."

ಆಸ್ಪತ್ರೆಯಿಂದ ಹೊರಟಾಗ ಮೂರು ಗಂಟೆ. ಪೂರ್ತಿ ನಾಲ್ಕು ಗಂಟೆ ಮುಗಿಸಿದ ಜಯಪ್ರಕಾಶನ ಮುಖದ ಊತ ಇಳಿದು ಕಣ್ಣು ಕಾಣಿಸುತ್ತಿತ್ತು. ಬಿಚ್ಚಿದ ಬೂಸ್ಟರಿನ ಹರಿದ ರಬ್ಬರನ್ನು ಪದ್ಮಾಕ್ಷಿ ಅವನ ಕೈಗೆ ಕೊಟ್ಟಳು. ಅವನು ಅದನ್ನು ಬೆರಳಿನಲ್ಲಿ ಎಳೆದು, ಮೂಸಿ ನೋಡಿದ.

"ಜೀವಮಾನ ಇಡೀ ರಬ್ಬರ್ ಹಾಳೆ ಒಣಗಿಸಿದವ ನಾನು. ಇಷ್ಟು ಸಣ್ಣ ತುಂಡು ನನ್ನನ್ನು ಮುಗಿಸ್ಲಿಕ್ಕೆ ಹೊರಟಿತ್ತಾ?"

ಅವಳು ನಕ್ಕಳು. ವೇಣೂರು ದಾಟಿದ ಮೇಲೆ ಅವನು, "ಒಂದು ವಿಷಯ ಹೇಳ್ತೇನೆ, ಬೈಬಾರ್ದು," ಎಂದ.

"ಹೇಳಿ."

"ಇವತ್ತು ಕಾರು ಕೈಕೊಟ್ಟಿದ್ರೆ, ಇನ್ನು ಸಾಕು ಅಂತ ಹೇಳುವ ಅಂತ ಮಾಡಿದ್ದೆ."

"ಕಾರು ಸಾಕು ಅಂತವಾ?"

"ಕಾರಲ್ಲ. ಡಯಾಲಿಸಿಸ್." ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. "ಪ್ರತಿ ಸಲ ಇಂಜಿನು ನಿಂತಾಗ ನಿನ್ನ ಮುಖ ನೋಡ್ಲಿಕ್ಕೆ ಆಗ್ತಿರ್ಲಿಲ್ಲ. ನನ್ನನ್ನು ಬದುಕಿಸ್ಲಿಕ್ಕೆ ನೀನು ಹೀಗೆ ಸಾಯುದು ಬೇಡ ಅಂತ ಕಂಡಿತು."

ಪದ್ಮಾಕ್ಷಿ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು. ಬಯ್ಯಬೇಕೆಂದು ಬಾಯಿ ತೆರೆದಳು, ಅಳು ಬಂತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮನಸಾರೆ ಅತ್ತಳು. ತಾನು ಅರ್ಧ ಬರೆದದ್ದಕ್ಕೆ, ಕಾವೇರಮ್ಮ ಅದನ್ನು ತಪ್ಪಾಗಿ ಓದಿದ್ದಕ್ಕೆ, ಗುರುತಿಲ್ಲದ ಹದಿನೈದು ಜನ ಚಕ್ರಕ್ಕೆ ಕಲ್ಲಿಟ್ಟು ತನ್ನ ಕಾರನ್ನು ತಡೆದದ್ದಕ್ಕೆ, ಎಲ್ಲದಕ್ಕೂ ಅವಳಿಗೆ ಒಟ್ಟಿಗೇ ಕೈಮುಗಿಯಬೇಕೆನಿಸಿತು. ಅವರಲ್ಲಿ ಒಬ್ಬರು ಸುಮ್ಮನಿದ್ದಿದ್ದರೂ ಈ ಮನುಷ್ಯ ಇವತ್ತು ಸಂಜೆ ಆ ಮಾತು ಹೇಳುತ್ತಿದ್ದ, ಹೇಳಿದ್ದನ್ನು ಮಾಡುವ ಹಟಮಾರಿ ಅವನು.

ಜಯಪ್ರಕಾಶ ಅವಳ ಅಳು ಇಳಿಯುವವರೆಗೆ ಕಾದ. ಆಮೇಲೆ ಮೆಲ್ಲಗೆ ಅವಳ ಭುಜ ಮುಟ್ಟಿದ.

"ಶುಕ್ರವಾರ ಎಷ್ಟು ಗಂಟೆಗೆ ಹೊರಡುವ?"

"ಎಂಟೂವರೆಗೆ ಹೊರಟ್ರೂ ಸಾಕು," ಎಂದಳು ಅವಳು, ಮೂಗು ಒರೆಸಿಕೊಳ್ಳುತ್ತ. "ನಿಮ್ಮ ಸ್ನಾನ ಬೇಗ ಮುಗಿದ್ರೆ."